ಮುಂದಿನ ಸಾಲಿಗೆ ಕೇಳಿಸಿದ ಪ್ರಾರ್ಥನೆ

ಬಾಲಿಗಂಜ್, ಕೋಲ್ಕತ್ತ
12 ಜೂನ್ 2024

ಶ್ರೀ ಶಂಕರಲಿಂಗ ಅವರಿಗೆ,

ಇಷ್ಟು ವರ್ಷ ಏಕವಚನದಲ್ಲಿ ಕರೆದವನಿಗೆ 'ಅವರಿಗೆ' ಎಂದು ಬರೆಯುವಾಗ ಕೈ ತಡೆಯಿತು. ಆದರೂ ಹೊಡೆದು ಹಾಕುವುದಿಲ್ಲ. ಮೊದಲು ನನ್ನ ಅನುಮಾನ ತೀರಲಿ, ಏಕವಚನದ ಮಾತು ಆಮೇಲೆ.

ನಿಮ್ಮ ಮನೆ ಸದರ್ನ್ ಅವೆನ್ಯೂದಲ್ಲಿ, ನನ್ನದು ಬಾಲಿಗಂಜ್‌ನಲ್ಲಿ. ಕಾಲೆಳೆದುಕೊಂಡು ನಡೆದರೂ ಊಟಕ್ಕೆ ಮೊದಲು ಹೋಗಿ ಬರಬಹುದು. ಇಷ್ಟು ಹತ್ತಿರಕ್ಕೆ ರಿಜಿಸ್ಟರ್ ಪೋಸ್ಟ್ ಯಾಕೆಂದು ಅಂಚೆ ಕಚೇರಿಯವರು ನಗಬಹುದು. ನಗಲಿ, ನನಗೆ ಹೇಗೂ ಕೇಳಿಸುವುದಿಲ್ಲ. ಫೋನಿನಲ್ಲಿ ನನಗೆ ಮಾತು ಸಿಗುವುದಿಲ್ಲವೆಂದು ನಿಮಗೆ ಗೊತ್ತು. ವಾಟ್ಸಾಪ್‌ನಲ್ಲಿ ಬರೆದರೆ ನೀವು ಅಳಿಸಿಬಿಡಬಹುದು. ಆದ್ದರಿಂದ ಕಾಗದ.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಮುಂದೆ ಬೇರೆಯವರು ಇದನ್ನು ಓದಬೇಕಾಗಿ ಬಂದರೂ ಬರಬಹುದು.

ಏಪ್ರಿಲ್‌ನಲ್ಲಿ ನಮ್ಮ ಕನ್ನಡ ಸಂಘದ ಯುಗಾದಿ ಕೂಟ ನಡೆಯಿತು. ಕಾರ್ಯದರ್ಶಿಗಳಾದ ತಾವು ಆ ಕಿವಿಯಂತ್ರದ ಕಂಪನಿಯವರನ್ನು ಕರೆಸಿದ್ದಿರಿ. ಉಚಿತ ತಪಾಸಣೆ, ಹೊಸ ವರ್ಷದ ರಿಯಾಯಿತಿ. ಕೆಳಗೆ ನನ್ನ ಹೆಂಡತಿ ಅಪರ್ಣಾ ಮತ್ತು ಉಳಿದವರೆಲ್ಲ ಬಿಸಿಬೇಳೆಬಾತ್ ಬಡಿಸುವ ಸಡಗರದಲ್ಲಿದ್ದರು. ಮೇಲಿನ ಹಾಲ್‌ನಲ್ಲಿ ಮಂದ ಕಿವಿಯವರೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು. ಟೈ ಕಟ್ಟಿದ ಆ ಮನುಷ್ಯ ನಮ್ಮ ಕಿವಿಗಳಿಗೆ ಯಂತ್ರ ಸಿಕ್ಕಿಸಿ, ನಿಮ್ಮನ್ನು ದೂರದ ಕಿಟಕಿಯ ಬಳಿ ನಿಲ್ಲಿಸಿದ. 'ನಿಮ್ಮ ಭಾಷೆಯಲ್ಲಿ, ನಿಮ್ಮ ಪ್ರಾರ್ಥನೆಯನ್ನೇ ಹೇಳಿ' ಎಂದು ಹಿಂದಿಯಲ್ಲಿ ಕೇಳಿದನಂತೆ. ನೀವು ಸಂಘದ ಪ್ರಾರ್ಥನೆ ಹೇಳಿದಿರಿ. ತಿಂಗಳು ತಿಂಗಳೂ ನಿಮ್ಮ ಶ್ರೀಮತಿ ವಸುಂಧರಾ ಹಾಡುತ್ತಿದ್ದ ಪ್ರಾರ್ಥನೆ. ಅವರು ತೀರಿಕೊಂಡ ಮೇಲೆ ಮೊದಲ ಸಲ ನೀವು.

ಒಂದಕ್ಷರ ಬಿಡದೆ ಕೇಳಿಸಿತು. ಇಷ್ಟು ಕಾಲದ ಮೇಲೆ ಮಾತು ಮಾತಾಗಿ ಕಿವಿಗೆ ಬಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಎದ್ದು ಬಂದು ನಿಮ್ಮ ಕೈ ಹಿಡಿದು, 'ವಸುಂಧರಾ ಅವರೇ ಹಾಡಿದ ಹಾಗಿತ್ತು ಕಣೋ' ಅಂದೆ. ನೀವು ಕೈ ಕಿತ್ತುಕೊಂಡಿರಿ. ಆಗಲೇ ನನಗೆ ಹೊಳೆಯಬೇಕಿತ್ತು. ಕುಣಿಕುಣಿಯುತ್ತ ಹೋಗಿ ಅವರ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ.

ಮನೆಗೆ ಬಂದರೆ ಫ್ಯಾನು ಕೇಳಿಸಿತು, ಕುಕ್ಕರು ಕೇಳಿಸಿತು, ಅಪರ್ಣಾಳ ಒಂದು ಮಾತೂ ಕೇಳಿಸಲಿಲ್ಲ. 'ಅಭ್ಯಾಸ ಆಗಬೇಕು' ಎಂದರು ಅಂಗಡಿಯವರು. ಅಭ್ಯಾಸ ಮಾಡಿಕೊಳ್ಳಲೆಂದು ಯಂತ್ರ ಹಾಕಿಕೊಂಡೇ ಮೇ ತಿಂಗಳಲ್ಲಿ ಗರಿಯಾಹಾಟ್ ತಿರುವು ದಾಟಿದೆ. ಹಿಂದಿನಿಂದ ಆಟೋ ಹಾರ್ನ್ ಮಾಡಿತಂತೆ, ಯಂತ್ರದ ಗದ್ದಲದಲ್ಲಿ ನನಗೆ ತಿಳಿಯಲಿಲ್ಲ, ಅದು ತಗಲಿ ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಕಿವಿ ಡಾಕ್ಟರು ಯಂತ್ರ ಬಿಚ್ಚಿ ನೋಡಿ, ಇದು ಸದ್ದನ್ನೆಲ್ಲ ದೊಡ್ಡದು ಮಾಡುವ ಆಟಿಕೆ, ಕಿವಿಯಂತ್ರವೇ ಅಲ್ಲ ಎಂದು ಬರೆದುಕೊಟ್ಟರು. ಈಗ ಅದರಿಂದ ಗುಂಯ್ ಎನ್ನುವ ಸದ್ದೂ ಇಲ್ಲ.

ನಾನು ಬಿದ್ದಾಗ ಸಂಘದ ಎಲ್ಲರೂ ನೋಡಲು ಬಂದರು, ನೀವು ಬರಲಿಲ್ಲ. ಕಾರ್ಯದರ್ಶಿ ಸ್ಥಾನಕ್ಕೂ ರಾಜೀನಾಮೆ ಕೊಟ್ಟಿರಿ. ಯಾಕೆ? ಕಂಪನಿಯನ್ನು ಕರೆಸಿದ್ದಕ್ಕೆ ನಿಮಗೆ ಕಮಿಷನ್ ಏನಾದರೂ ಸಿಕ್ಕಿತೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ, ಸಾಕು.

ಇತಿ,
ನರಹರಿ

(ಬಲಗೈ ನೆಟ್ಟಗಿದೆ. ಅಕ್ಷರ ನನ್ನದೇ, ಬೇರೆಯವರು ಬರೆದದ್ದೆಂದು ಜಾರಿಕೊಳ್ಳಬೇಡಿ.)


ಸದರ್ನ್ ಅವೆನ್ಯೂ
21 ಜೂನ್ 2024

ನರಹರಿಯವರಿಗೆ,

ಇಲ್ಲ.

ಖಿದಿರ್‌ಪುರದ ಹಡಗು ಡಾಕ್‌ನಲ್ಲಿ ನಿವೃತ್ತಿಯ ತನಕ ಸರಕು ಇಳಿಸುವ ಕಚೇರಿಯಲ್ಲಿದ್ದೆ. ಒಡೆದ ಪೆಟ್ಟಿಗೆಯಿಂದ ಒಂದು ಹಿಡಿ ಚಹಾಪುಡಿ ಮನೆಗೆ ತಂದವನಲ್ಲ. ಇದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದಿರಿ, ಅದೂ ರಿಜಿಸ್ಟರ್ ಪೋಸ್ಟಿನಲ್ಲಿ.

ಈಗ ನನ್ನ ಅನುಮಾನ ಕೇಳಿ. ಅಂದು ನಿಮಗೆ ನಿಜವಾಗಿ ಏನು ಕೇಳಿಸಿತು? ಮೊದಲು ಸಹಿ ಮಾಡಿದವರಿಗೆ ಹೆಚ್ಚು ರಿಯಾಯಿತಿ ಎಂದು ಟೈ ಕಟ್ಟಿದವನು ಹೇಳಿದ್ದ. ನೀವು ಮೊದಲು ಮಾಡಿದಿರಿ. ಪ್ರೊಫೆಸರ್ ಸಹಿ ಮಾಡಿದರಲ್ಲ ಎಂದು ಉಳಿದವರೂ ಸಾಲುಗಟ್ಟಿ ಮಾಡಿದರು. ನೀವು ಯಾಕೆ ಅಷ್ಟು ಅವಸರ ಪಟ್ಟಿರಿ?

ಅದಕ್ಕೂ ಮೊದಲು ನನ್ನ ಕೈ ಹಿಡಿದು ಒಂದು ಮಾತು ಆಡಿದಿರಿ. ಅದನ್ನು ಎರಡನೇ ಸಲ ಕಾಗದದಲ್ಲೂ ಬರೆದಿದ್ದೀರಿ. ಹೆಂಡತಿ ಹೋಗಿ ಮೂರು ತಿಂಗಳಾಗಿದ್ದವನಿಗೆ ಯಾವ ಗೆಳೆಯನೂ ಹಾಗೆ ಅಣಕಿಸುವುದಿಲ್ಲ. ನಾನು ನಿಮ್ಮ ಮನೆಗೆ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಕೈ ಬೇಗ ಗುಣವಾಗಲಿ.

ಶಂಕರಲಿಂಗ


ಬಾಲಿಗಂಜ್
25 ಆಗಸ್ಟ್ 2024

ಶ್ರೀ ಶಂಕರಲಿಂಗ ಅವರಿಗೆ,

ಅಣಕ ಎಂದಿರಿ. ನಾನು ಮನಸಾರೆ ಹೊಗಳಿದರೆ ಅದು ಅಣಕವೇ? ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾಗದಿದ್ದಾಗ ಜನ ಹೀಗೆ ಮಾತು ತಿರುಗಿಸುತ್ತಾರೆ. ಪಾಠ ಮಾಡುವ ಕಾಲದಲ್ಲಿ ಇಂಥವರನ್ನು ಬಹಳ ನೋಡಿದ್ದೇನೆ.

ಗ್ರಾಹಕರ ಸಹಾಯವಾಣಿಗೆ ಅಪರ್ಣಾ ನನ್ನ ಪರವಾಗಿ ಮಾತಾಡಿದಳು. ಮೊದಲು ಕಂಪನಿಗೆ ನೋಟಿಸು ಕಳಿಸಿ, ಬಿಲ್ಲು, ಡಾಕ್ಟರ ವರದಿ, ಕೆಟ್ಟ ಯಂತ್ರ ಎಲ್ಲವನ್ನೂ ಜೋಪಾನ ಮಾಡಿ, ಯಂತ್ರವನ್ನು ಮಾತ್ರ ರಿಪೇರಿಗೆಂದು ಅವರ ಕೈಗೆ ಕೊಡಬೇಡಿ ಎಂದರು. ನೋಟಿಸಿಗೆ ಉತ್ತರ ಬರಲಿಲ್ಲ. ಹೋದ ವಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ವಕೀಲರು ಬೇಕೆಂದೇನಿಲ್ಲ, ನಮ್ಮ ಮಾತನ್ನು ನಾವೇ ಹೇಳಿಕೊಳ್ಳಬಹುದು. ಕೊಟ್ಟ ಹಣ ವಾಪಸು ಬರಬೇಕು, ಮುರಿದ ಕೈಗೆ ಪರಿಹಾರ ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಈ ಮುದುಕ ಯಾರದೋ ಮಾತಿಗೆ ಮರುಳಾಗಿ ಹಾಳಾದ ಎಂದು ನನ್ನ ಹಿಂದೆ ಆಡಿಕೊಳ್ಳುವುದು ನಿಲ್ಲಬೇಕು. ಕೇಳಿಸದವನಿಗೆ ಸುತ್ತಲಿನ ತುಟಿಗಳೆಲ್ಲ ತನ್ನ ವಿಷಯವೇ ಆಡುತ್ತಿವೆ ಅನ್ನಿಸುತ್ತದೆ. ಮೀನಿನವನು ಗಿರಾಕಿಯ ಜೊತೆ ನಕ್ಕರೂ ನಾನು ತಿರುಗಿ ನೋಡುತ್ತೇನೆ. ಮೊದಲು ಹೀಗಿರಲಿಲ್ಲ.

ಇನ್ನೊಂದು ವಿಷಯ. ಮೊನ್ನೆ ಶುಕ್ರವಾರ ನೋಟಿಸಿನ ರಸೀದಿ ತೋರಿಸಲು ಆ ಕಂಪನಿಯ ಅಂಗಡಿಗೆ ಹೋಗಿದ್ದೆ. ನೀವು ಮೆಟ್ಟಿಲಿಳಿದು ಬರುತ್ತಿದ್ದಿರಿ. ಕೈಯಲ್ಲಿ ಅವರದೇ ಚೀಲ. ಟೈ ಕಟ್ಟಿದವನು ಬಾಗಿಲ ತನಕ ಬಂದು ನಿಮ್ಮ ಭುಜ ತಟ್ಟಿದ. ನಾನು ಪಕ್ಕದ ಹೋಮಿಯೋಪತಿ ಔಷಧದ ಅಂಗಡಿಯೊಳಗೆ ನುಗ್ಗಿ ನಿಂತೆ. ಕಳ್ಳನ ಹಾಗೆ ಅಡಗಿದ್ದು ನಾನು, ನೀವಲ್ಲ. ಇದಕ್ಕೇನು ಹೇಳುತ್ತೀರಿ?

ಸರಿಯಾದ ಉತ್ತರ ಬಾರದಿದ್ದರೆ ಕಂಪನಿಯ ಜೊತೆಗೆ ನಿಮ್ಮನ್ನೂ ಎದುರುದಾರರನ್ನಾಗಿ ಸೇರಿಸಲು ಅರ್ಜಿ ಹಾಕುತ್ತೇನೆ.

ನರಹರಿ


ಸದರ್ನ್ ಅವೆನ್ಯೂ
1 ಸೆಪ್ಟೆಂಬರ್ 2024

ನರಹರಿಯವರಿಗೆ,

ಚೀಲದಲ್ಲಿ ಇದ್ದದ್ದು ಅಂದು ನಿಮ್ಮ ಸಾಲಿನಲ್ಲೇ ಕುಳಿತಿದ್ದ ಶರಣಪ್ಪ ಮತ್ತು ಫಿಲೋಮಿನಾ ಬಾಯಿಯವರ ಯಂತ್ರಗಳು. ಅವೂ ಕೆಟ್ಟಿವೆ. ಮಕ್ಕಳಿಗೆ ಗೊತ್ತಾದರೆ ನಾಚಿಕೆ ಎಂದು ಅವರು ದೂರು ಕೊಡಲು ಒಪ್ಪುತ್ತಿಲ್ಲ. ಕರೆಸಿದವನು ನಾನು, ಹಾಗಾಗಿ ವಾಪಸು ಕೊಡಲು ಪ್ರತಿ ಶುಕ್ರವಾರ ಹೋಗುತ್ತಿದ್ದೇನೆ. ಅವನು ಪ್ರತಿ ಶುಕ್ರವಾರ ಭುಜ ತಟ್ಟಿ, 'ನಿಮ್ಮವರೇ ಕೇಳಿಸಿತು ಅಂತ ಬರೆದುಕೊಟ್ಟಿದ್ದಾರಲ್ಲ ದಾದಾ' ಎಂದು ಕಳಿಸುತ್ತಾನೆ. ಹಾಗೆ ಹೇಳುವಾಗ ನನ್ನ ಮುಖ ನೋಡಿ ನಗುತ್ತಾನೆ.

ಆ ನಗು ಯಾಕೆಂದು ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ.

ಸೇರಿಸುವುದಿದ್ದರೆ ಸೇರಿಸಿ.

ಶಂಕರಲಿಂಗ


ಬಾಲಿಗಂಜ್
20 ಅಕ್ಟೋಬರ್ 2024

ಶಂಕರಣ್ಣನಿಗೆ ಅಪರ್ಣಾಳ ನಮಸ್ಕಾರಗಳು.

ಇವರಿಗೆ ತಿಳಿಸದೆ ಬರೆಯುತ್ತಿದ್ದೇನೆ. ದುರ್ಗಾ ಪೂಜೆ ಮುಗಿಯಿತು. ವಿಜಯದಶಮಿಯ ಬಿಜೊಯಾಕ್ಕೆ ಮೇಲಿನ ಫ್ಲಾಟಿನವರು, ಕೆಳಗಿನವರು, ಲಿಫ್ಟಿನ ವಿಷಯಕ್ಕೆ ವರ್ಷವಿಡೀ ಜಗಳವಾಡಿದವರು, ಎಲ್ಲರೂ ಸಂದೇಶ್ ಸಿಹಿಯ ಡಬ್ಬ ಹಿಡಿದು ಬಂದು ಅಪ್ಪಿಕೊಂಡು ಹೋದರು. ವಸುಂಧರಾ ಇದ್ದಷ್ಟು ಕಾಲ ನೀವಿಬ್ಬರೂ ತಪ್ಪದೆ ಬರುತ್ತಿದ್ದಿರಿ. ಈ ಸಲ ಕರೆಗಂಟೆಯ ದೀಪ ಹತ್ತಿದಾಗಲೆಲ್ಲ ಇವರು ಎದ್ದು ಹೋಗಿ ಬಾಗಿಲು ತೆರೆದರು. (ಗಂಟೆ ಕೇಳಿಸದೆಂದು ದೀಪ ಹಾಕಿಸಿದ್ದೇವೆ.) ನಿಮಗಾಗಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಕೇಳಿದ್ದಕ್ಕೆ, 'ಪೇಪರಿನವನು ಬಂದ ಅಂದ್ಕೊಂಡೆ ಕಣೇ' ಅಂದರು. ಸಂಜೆ ಪೇಪರು ಯಾರು ಹಾಕುತ್ತಾರೆ?

ನೀವು ಕಂಪನಿಯಿಂದ ಏನಾದರೂ ತೆಗೆದುಕೊಂಡಿರಿ ಎಂದು ನಾನು ಒಂದು ಕ್ಷಣವೂ ನಂಬಿಲ್ಲ. ಆದರೆ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ, ಅಣ್ಣ. ಬೇಸರ ಮಾಡಿಕೊಳ್ಳಬೇಡಿ.

ಅಂದು ನಾನು ಕೆಳಗೆ ಮೆಟ್ಟಿಲ ಬುಡದಲ್ಲೇ ಬಡಿಸುತ್ತಿದ್ದೆ. ವಸುಂಧರಾ ಮೇಲೆ ಪ್ರಾರ್ಥನೆ ಹಾಡುವಾಗ ಅದು ಕೆಳಗೆ ಚೆನ್ನಾಗಿ ಕೇಳಿಸುತ್ತಿತ್ತು. ನಾವೆಲ್ಲ ಸೌಟು ಹಿಡಿದವರು ಹಿಡಿದ ಹಾಗೇ ನಿಂತು ಕೇಳುತ್ತಿದ್ದೆವು. ಅಂದೂ ಸೌಟು ಹಿಡಿದು ಕಾದೆ. ನಿಮ್ಮ ದನಿ ಹೇಗಿರುತ್ತದೋ ಎಂದು ಕುತೂಹಲ ನನಗೆ. ಏನೂ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಎಲ್ಲರೂ ಸಹಿ ಹಾಕಿ ಕೆಳಗಿಳಿದು ಬಂದರು.

ನನ್ನ ಕಿವಿ ನೆಟ್ಟಗಿದೆ, ಅಣ್ಣ. ಅಂದು ಮೇಲೆ ಏನಾಯಿತು?

ನಿಮ್ಮ ತಂಗಿ,
ಅಪರ್ಣಾ


ಬಾಲಿಗಂಜ್
24 ನವೆಂಬರ್ 2024

ಶ್ರೀ ಶಂಕರಲಿಂಗ ಅವರಿಗೆ,

ಅಪರ್ಣಾ ನಿಮಗೆ ಬರೆದಳೆಂದು ತಿಳಿಯಿತು. ಏನು ಬರೆದಳೆಂದು ಹೇಳುತ್ತಿಲ್ಲ. ಈಗ ಮನೆಯೊಳಗೂ ಅನುಮಾನ ಪಡುವ ಹಾಗಾಯಿತು.

ಕಂಪನಿಯವರು ಆಯೋಗಕ್ಕೆ ಲಿಖಿತ ಉತ್ತರ ಕೊಟ್ಟಿದ್ದಾರೆ. ನಾನು ಸ್ನಾನದಲ್ಲಿ ಯಂತ್ರ ನೆನೆಸಿ ಕೆಡಿಸಿದೆನಂತೆ. ಮಾರಿದ ದಿನ ಅದು ಚೆನ್ನಾಗಿಯೇ ಇತ್ತಂತೆ. ಅದಕ್ಕೆ ಸಾಕ್ಷಿ ನನ್ನದೇ ಸಹಿ: 'ಹಾಲ್‌ನ ಇನ್ನೊಂದು ತುದಿಯಿಂದ ನಮ್ಮ ಮಾತೃಭಾಷೆಯಲ್ಲಿ ಹೇಳಿದ ಪ್ರತಿಯೊಂದು ಪದವೂ ಸ್ಪಷ್ಟವಾಗಿ ಕೇಳಿಸಿತು.' ಅದರ ಕೆಳಗೆ ಇಡೀ ಮುಂದಿನ ಸಾಲಿನ ಸಹಿಗಳು. ಡಾಕ್ಟರ ವರದಿ ಆಮೇಲಿನದು, ಆದ್ದರಿಂದ ಅದು ಲೆಕ್ಕಕ್ಕಿಲ್ಲವೆಂದು ಅವರ ವಕೀಲರ ವಾದ. ನಾನು ಏನು ಹೇಳಲಿ? ಕೇಳಿಸಿದ್ದು ನಿಜ. ಕೇಳಿಸಲಿಲ್ಲ ಎಂದರೆ ಸುಳ್ಳು ಪ್ರಮಾಣ ಮಾಡಿದ ಹಾಗೆ. ನನ್ನ ದೂರನ್ನು ನಾನೇ ಮುಳುಗಿಸಿಕೊಂಡಿದ್ದೇನೆ.

ಆಯೋಗದ ಕಾರಿಡಾರಿನಲ್ಲಿ ಭವಾನಿಪುರದ ಗುಜರಾತಿ ಯಜಮಾನರೊಬ್ಬರು ಸಿಕ್ಕಿದರು. ಅವರದೂ ಇದೇ ಕಂಪನಿ, ಇದೇ ಟೈ. ಪಾಟಿಯ ಮೇಲೆ ಬರೆದು ಬರೆದು ಮಾತಾಡಿದೆವು. ಅವರ ಸಮಾಜದ ಕೂಟಕ್ಕೂ ಹೋಗಿದ್ದನಂತೆ. ಅಲ್ಲಿಯೂ ಬೇರೇನೂ ಬೇಡ, ನಿಮ್ಮ ನಿತ್ಯದ ಭಜನೆಯನ್ನೇ ಹಾಡಿಸಿ ಎಂದನಂತೆ. ಅವರಿಗೂ ಎಲ್ಲವೂ ಕೇಳಿಸಿತಂತೆ. ಇದರಲ್ಲಿ ಏನೋ ಇದೆ, ನನ್ನ ಹಿಡಿತಕ್ಕೆ ಸಿಗುತ್ತಿಲ್ಲ.

ನಿಮ್ಮ ಹೆಸರು ಸೇರಿಸುವ ಅರ್ಜಿ ಬರೆದು ಮೇಜಿನ ಮೇಲಿಟ್ಟಿದ್ದೇನೆ. ಮುಂದಿನ ವಾಯಿದೆ ಜನವರಿಯಲ್ಲಿ. ಅಷ್ಟರೊಳಗೆ ಹೇಳುವುದೇನಾದರೂ ಇದ್ದರೆ ಹೇಳಿ. ನಾನು ಇದನ್ನು ಸಂತೋಷದಿಂದ ಮಾಡುತ್ತಿಲ್ಲ.

ನರಹರಿ


ಸದರ್ನ್ ಅವೆನ್ಯೂ
8 ಡಿಸೆಂಬರ್ 2024

ನರಹರಿ,

ಈ ಕಾಗದದ ಜೊತೆ ಒಂದು ಅಫಿಡವಿಟ್ ಇದೆ. ನೋಟರಿಯ ಮುಂದೆ ಸಹಿ ಮಾಡಿದ್ದೇನೆ. ಆಯೋಗಕ್ಕೆ ಕೊಡು. ಅದರಲ್ಲಿ ಒಣ ಇಂಗ್ಲಿಷಿನಲ್ಲಿ ಇರುವುದನ್ನೇ ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಅಂದು ನಾನು ಪ್ರಾರ್ಥನೆ ಹೇಳಲೇ ಇಲ್ಲ.

ಕಿಟಕಿಯ ಹತ್ತಿರ ನಿಂತೆ. ಅದು ವಸುಂಧರಾ ನಿಲ್ಲುತ್ತಿದ್ದ ಜಾಗ. ಅವಳು ಪ್ರತಿ ಸಲ ಮನೆಗೆ ಬರುವಾಗ ಹೇಳುತ್ತಿದ್ದಳು: 'ಒಮ್ಮೆಯರ ನೀವು ಹಾಡ್ರಿ, ನಾ ಕೆಳಗ ಕುಂತು ಕೇಳ್ತೀನಿ.' ನಾನು ಪ್ರತಿ ಸಲ, 'ನನ್ನ ದನಿ ಡಾಕಿನ ಹಡಗಿನ ಭೋಂಗಾ ಆಗೇತಿ, ಬಿಡು' ಅನ್ನುತ್ತಿದ್ದೆ. ಅಂದು ಬಾಯಿ ತೆರೆದೆ. ಗಂಟಲು ಕಟ್ಟಿತು. ಮೊದಲ ಪದವೇ ಹೊರಡಲಿಲ್ಲ. ಯುಗಾದಿಯ ದಿನ ಎಲ್ಲರೆದುರು ಅಳಬಾರದೆಂದು ಬರಿಯ ತುಟಿ ಆಡಿಸಿದೆ. ನಾಲ್ಕು ಚರಣವನ್ನೂ ಹಾಗೇ ತುಟಿಯಲ್ಲಿ ಮುಗಿಸಿದೆ. ಈಗ ಯಾರಾದರೂ ಕೈಯೆತ್ತಿ 'ಕೇಳಿಸಲಿಲ್ಲ' ಎನ್ನುತ್ತಾರೆ, ಆಗ ನೀರು ಕುಡಿದು ಮತ್ತೆ ಹೇಳಿದರಾಯಿತು ಎಂದುಕೊಂಡೆ.

ಯಾರೂ ಕೈಯೆತ್ತಲಿಲ್ಲ. ಎಲ್ಲರೂ ತಲೆದೂಗುತ್ತಿದ್ದಿರಿ. ಫಿಲೋಮಿನಾ ಬಾಯಿ ಕಣ್ಣೊರೆಸಿಕೊಂಡರು. ಟೈ ಕಟ್ಟಿದವನು ನನ್ನ ಪಕ್ಕದಲ್ಲೇ ಇದ್ದ, ಅವನ ಕಿವಿಗೆ ಏನೂ ಆಗಿಲ್ಲ. ದನಿ ಹೊರಡಲಿಲ್ಲವೆಂದು ಅವನಿಗೆ ಗೊತ್ತಿತ್ತು. ಒಂದು ಸಲ ನನ್ನ ಕಡೆ ನೋಡಿದ, ಒಂದು ಸಲ ನಿಮ್ಮ ಸಾಲಿನ ಕಡೆ ನೋಡಿದ, ನಕ್ಕು ಕಾಗದ ಹಂಚಿದ. ಆ ನಗು ಅದೇ.

ಆಗ ನನಗೆ ತೋಚಿದ್ದು ಒಂದೇ: ಇವರೆಲ್ಲ ನನ್ನ ಮೇಲೆ ಕನಿಕರ ಪಟ್ಟು ಕೇಳಿಸಿದವರ ಹಾಗೆ ನಟಿಸುತ್ತಿದ್ದಾರೆ. ನೀನು ಬಂದು, ವಸುಂಧರಾ ಹಾಡಿದ ಹಾಗಿತ್ತು ಅಂದೆ. ಹಾಡೇ ಇಲ್ಲದಿದ್ದಕ್ಕೆ ಆ ಮಾತು! ಕನಿಕರವಾದರೂ ಸಹಿಸುತ್ತಿದ್ದೆ, ಇದು ಅಣಕ ಅನ್ನಿಸಿತು. ಆಮೇಲೆ ನೀನು ರಿಯಾಯಿತಿಗಾಗಿ ಸುಳ್ಳು ಸಹಿ ಮಾಡಿದೆ ಎಂದೂ ಅಂದುಕೊಂಡೆ. ಇಷ್ಟು ವರ್ಷ ಕಂಡವನ ಮೇಲೆ ಇಂಥ ಕೆಟ್ಟ ಅನುಮಾನ ಪಟ್ಟೆ.

ಅಪರ್ಣಾ ಬರೆದ ಮೇಲೆ ಬಹಳ ದಿನ ಯೋಚಿಸಿದೆ. ನೀನು ಸುಳ್ಳು ಹೇಳುವವನಲ್ಲ. ಹಾಗಾದರೆ ನಿನಗೆ ಕೇಳಿಸಿದ್ದು ಎಲ್ಲಿಂದ? ಯಂತ್ರದಿಂದ ಅಲ್ಲ, ನನ್ನಿಂದ ಅಲ್ಲ. ಆ ಪ್ರಾರ್ಥನೆ ನಿಮ್ಮೆಲ್ಲರಿಗೂ ಬಾಯಿಪಾಠ. ತುಟಿ ಆಡಿದ್ದು ಕಂಡಿತು, ಉಳಿದದ್ದನ್ನು ನೀವೇ ತುಂಬಿಕೊಂಡಿರಿ. ನಿನ್ನ ಗುಜರಾತಿ ಯಜಮಾನರದೂ ಅದೇ ಕಥೆ ಇರಬೇಕು. ಅವನು ಪ್ರಾರ್ಥನೆಯನ್ನೇ ಕೇಳುವುದು ಅದಕ್ಕೇ. ಹೊಸ ಮಾತು ಹೇಳಿಸಿದರೆ ಬಣ್ಣ ಬಯಲಾಗುತ್ತದೆ.

ಇದನ್ನು ಮೊದಲೇ ಹೇಳಬೇಕಿತ್ತು. ಆದರೆ ಅವಳಿಗಾಗಿ ಒಂದು ಸಲ ಹಾಡಲೂ ನನ್ನಿಂದ ಆಗಲಿಲ್ಲ ಎಂದು ಬರೆಯುವುದು ಸುಲಭವಿರಲಿಲ್ಲ, ನರಹರಿ.

ಶಂಕರಲಿಂಗ


ಬಾಲಿಗಂಜ್
9 ಮಾರ್ಚ್ 2025

ಪ್ರಿಯ ಶಂಕರಲಿಂಗ,

ಈ ಸಲ ಸಾದಾ ಅಂಚೆ. ರಸೀದಿ ಬೇಡ.

ಆದೇಶ ಬಂದಿದೆ. ಹಣ ಪೂರ್ತಿ ವಾಪಸು, ಕೈಗೆ ಪರಿಹಾರ, ಓಡಾಟದ ಖರ್ಚು. ಒಂದು ಪದವನ್ನೂ ಉಚ್ಚರಿಸದ ಪ್ರಯೋಗದ ಮೇಲೆ ಪ್ರತಿಯೊಂದು ಪದವೂ ಕೇಳಿಸಿತೆಂದು ಸಹಿ ಪಡೆದದ್ದೇ ಮೋಸಕ್ಕೆ ಪುರಾವೆ ಎಂದು ಬರೆದಿದ್ದಾರೆ. ಕಂಪನಿಯವರು ಮೇಲ್ಮನವಿಗೆ ಹೋಗಬಹುದಂತೆ. ಹೋಗಲಿ, ನಾವೂ ಬಿಡುವುದಿಲ್ಲ. ಶರಣಪ್ಪ, ಫಿಲೋಮಿನಾ ಬಾಯಿ ಇಬ್ಬರೂ ಈಗ ದೂರು ಕೊಡಲು ತಯಾರಾಗಿದ್ದಾರೆ. ಮೇಜಿನ ಮೇಲಿದ್ದ ಆ ಅರ್ಜಿಯನ್ನು ನಿನ್ನ ಕಾಗದ ಬಂದ ದಿನವೇ ಹರಿದು ಹಾಕಿದೆ.

ಫೆಬ್ರವರಿಯ ವಾಯಿದೆಗೆ ನೀನು ಬಂದು ನಿಂತಾಗ ಅವರ ವಕೀಲರು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ಅಪರ್ಣಾ ಪಾಟಿಯ ಮೇಲೆ ಬರೆದು ತೋರಿಸಿದಳು: 'ದೂರುದಾರರು ನಿಮ್ಮ ಸ್ನೇಹಿತರೇ ಅಂತ ಕೇಳ್ತಿದ್ದಾರೆ.' ನೀನು ನನ್ನ ಕಡೆ ತಿರುಗಿ ನೋಡಿದೆ. ಆ ಹೊತ್ತಿನಲ್ಲಿ ನನ್ನ ಜೀವ ಹೋಗಿ ಬಂತು. ಆಮೇಲೆ ಹೌದೆಂದು ತಲೆಯಾಡಿಸಿದ್ದು ಕಂಡಿತು. ನಾನು ಹೊರಗೆ ಬರುವಷ್ಟರಲ್ಲಿ ನೀನು ಬಸ್ಸು ಹತ್ತಿಬಿಟ್ಟಿದ್ದೆ. ಇರಲಿ, ಬಾಯಲ್ಲಿ ಹೇಳಲಾಗದ್ದನ್ನು ಬರೆಯುವುದು ನಮಗೀಗ ರೂಢಿಯಾಗಿದೆ.

ಕಮಿಷನ್ ತಿಂದೆಯಾ ಎಂದು ನಿನ್ನನ್ನು ಕೇಳಿದೆನಲ್ಲ, ಆ ಕಾಗದ ನಿನ್ನ ಹತ್ತಿರ ಇದ್ದರೆ ಹರಿದು ಹಾಕು. ತಪ್ಪಾಯಿತು.

ಇನ್ನೊಂದು ಮಾತಿದೆ. ಅದನ್ನು ಆಯೋಗಕ್ಕೆ ಹೇಳಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ನಿನ್ನ ಅಫಿಡವಿಟ್ ಓದಿದ ದಿನದಿಂದ, ಅಂದು ನನಗೆ ಕೇಳಿಸಿದ್ದನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ಎರಡನೇ ಚರಣದ ಕೊನೆಯಲ್ಲಿ ಉಸಿರು ತೆಗೆದುಕೊಂಡು ಸ್ವಲ್ಪ ಎಳೆದದ್ದು, ಮೂರನೆಯದನ್ನು ಕೆಳದನಿಯಲ್ಲಿ ಶುರು ಮಾಡಿದ್ದು, ಎಲ್ಲ ಸ್ಪಷ್ಟವಾಗಿತ್ತು. ಅಂದು ಕೇಳಿಸಿದ್ದು ಯಾರ ದನಿ ಎಂದು ಶರಣಪ್ಪನನ್ನು ಕೇಳಿದೆ. ಫಿಲೋಮಿನಾ ಬಾಯಿಯವರನ್ನೂ ಕೇಳಿದೆ. 'ಮತ್ಯಾರು, ವಸುಂಧರಾ ಬಾಯೇ' ಎಂದು ಬರೆದು ತೋರಿಸಿ ಆಕೆ ಅತ್ತುಬಿಟ್ಟರು.

ನಾನು ಅಂದದ್ದು ಅಣಕವಲ್ಲ ಕಣೋ. ಹೊಗಳಿಕೆಯೂ ಅಲ್ಲ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಹೇಳಿದೆ. ಯಂತ್ರ ಸುಳ್ಳು, ಅಂಗಡಿಯವನು ಸುಳ್ಳು, ಆ ಕಾಗದವೂ ಸುಳ್ಳು. ಆದರೆ ಆ ಕಿಟಕಿಯ ಹತ್ತಿರ ಅಂದು ಹಾಡಿದವರು ಆಕೆಯೇ. ನಾವು ಮುಂದಿನ ಸಾಲಿನವರೆಲ್ಲ ಕೇಳಿದ್ದೇವೆ.

ಈ ತಿಂಗಳ ಕೊನೆಗೆ ಯುಗಾದಿ. ನೀನು ಬರಬೇಕು, ಅದೇ ಜಾಗದಲ್ಲಿ ನಿಲ್ಲಬೇಕು. ದನಿ ಹೊರಟರೆ ಕೆಳಗೆ ಅಪರ್ಣಾ ಸೌಟು ಹಿಡಿದು ಕೇಳುತ್ತಾಳೆ. ಹೊರಡದಿದ್ದರೆ ತುಟಿಯಾಡಿಸು, ನಮಗೆ ಅಷ್ಟು ಸಾಕು.

ನಿನ್ನ,
ನರಹರಿ